ಮಗಳಿಗೆ ಹೇಳದ ಸೊಪ್ಪು

ಬಟವಾಡಿ, ತುಮಕೂರು
14-6-1977

ನಮ್ಮ ಗಿರಿಯಪ್ಪನ ಮನೆ ಬೆಳಗುತ್ತಿರುವ ಹನುಮಂತಮ್ಮನಿಗೆ ನಿನ್ನ ಅತ್ತಿಗೆ ಲಕ್ಷ್ಮೀದೇವಮ್ಮ ಹರಸಿ ಬರೆಯುವುದು.

ಅವ್ವನ ತಿಥಿ ಮುಗಿಸಿಕೊಂಡು ಹೊರಟವಳು ಸಂಜೆಗೆ ಮನೆ ಸೇರಿದೆ. ನೀನು ಕಟ್ಟಿಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ನಿನ್ನ ಭಾವ ಮಾರನೆಯ ದಿನ ಫ್ಯಾಕ್ಟರಿಗೂ ಕಟ್ಟಿಸಿಕೊಂಡು ಹೋದರು. “ನಿನ್ ತಮ್ಮನ ಹೆಂಡ್ತಿ ಕೈರುಚಿ ನಿಂಗೆ ಬರ್ಲಿಲ್ಲ ಕಣೇ” ಎಂದರು. ಅಂತರಸನಹಳ್ಳಿ ಫ್ಯಾಕ್ಟರಿಯ ಕಬ್ಬಿಣದ ಪುಡಿ ನುಂಗಿದ ಬಾಯಿಗೆ ಯಾರು ಮಾಡಿದ್ದಾದರೂ ರುಚಿಯೇ ಎಂದು ನಾನೂ ಬಿಡಲಿಲ್ಲ.

ನನ್ನ ಅಕ್ಷರದ ತಪ್ಪು ಹೊಟ್ಟೆಗೆ ಹಾಕಿಕೋ. ನೀನು ನಾಲ್ಕನೇ ಕ್ಲಾಸು ಓದಿದವಳು. ನಾನು ಬಸ್ಸಿನ ಬೋರ್ಡು, ಗೋಡೆಯ ಮೇಲಿನ ಮಲೇರಿಯಾ ಬರಹ ನೋಡಿ ಅಕ್ಷರ ಕೂಡಿಸಿಕೊಂಡವಳು. ನಾನು ಕೆಲಸಕ್ಕೆ ಹೋಗುವ ಕ್ಲಿನಿಕ್ಕಿನ ಡಾಕ್ಟರಮ್ಮ ಈಗ ರೋಗಿಗಳ ನಂಬರ್ ಚೀಟಿಯನ್ನೂ ನನ್ನಿಂದಲೇ ಬರೆಸುತ್ತಾರೆ.

ಒಂದು ಮಾತು. ಒಳಗೇ ಇಟ್ಟುಕೊಂಡರೆ ಹುಳಿಯುತ್ತದೆ ಎಂದು ಬರೆಯುತ್ತಿದ್ದೇನೆ. ಅವ್ವ ಹೋಗುವ ಮುಂಚೆ ನಿನ್ನೊಬ್ಬಳನ್ನೇ ಕರೆದು ಕಾಮಾಲೆ ಸೊಪ್ಪಿನ ಗುಟ್ಟು ಹೇಳಿದಳು. ಅದೇ ಮನೆಯಲ್ಲಿ ನಾನು ರಾಗಿ ಬೀಸುತ್ತಿದ್ದೆ. ಹೆಣ್ಣುಮಕ್ಕಳಿಗೆ ಹೇಳಿದರೆ ಔಷಧಿ ಅವರನ್ನು ಕೊಟ್ಟ ಮನೆಗೆ ಹೋಗಿಬಿಡುತ್ತದೆ, ಸೊಸೆಗೆ ಹೇಳಿದರೆ ಮನೆಯಲ್ಲೇ ಉಳಿಯುತ್ತದೆ. ನಮ್ಮ ಮನೆತನದ ಪದ್ಧತಿ ನನಗೂ ಗೊತ್ತು. ಅವ್ವನೂ ಅವಳ ಅತ್ತೆಯಿಂದಲೇ ಕಲಿತದ್ದು. ಆದರೆ ನೀನು ಗುಬ್ಬಿಯಲ್ಲಿ ಹುಟ್ಟಿದವಳು, ನಾನು ಆ ಸೊಪ್ಪಿನ ವಾಸನೆಯಲ್ಲೇ ಬೆಳೆದವಳು. ಭಾನುವಾರ ಬೆಳಿಗ್ಗೆ ಅರೆದು ಮುಗಿಸಿದರೆ ಅವ್ವನ ಕೈಯೆಲ್ಲ ಹಸಿರು. ಆ ಕೈಯಲ್ಲೇ ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದಳು. ನನ್ನ ಕೂದಲಿಗೆ ಗೊತ್ತಿರುವುದು ನನಗೆ ಗೊತ್ತಿಲ್ಲ.

ಹೋಗಲಿ. ಅವ್ವನದು ಎಂದು ಏನಾದರೊಂದು ನನ್ನ ಹತ್ತಿರವೂ ಇದ್ದಿದ್ದರೆ ಎಂದು ಆಸೆ. ನೀನು ಅರ್ಥ ಮಾಡಿಕೊಳ್ಳುವವಳು.

ನಿನ್ನ ಅತ್ತಿಗೆ


ಮಾವಿನಕಟ್ಟೆಪಾಳ್ಯ, ಕುಣಿಗಲ್ ತಾಲ್ಲೂಕು
2-7-1977

ಅತ್ತಿಗೆಯವರ ಪಾದ ಮುಟ್ಟಿ ಹನುಮಂತಮ್ಮ ಬರೆಯುವುದು.

ನಿಮ್ಮ ಕಾಗದ ಓದಿ ಸಂಕಟವಾಯಿತು. ಅತ್ತೆಮ್ಮನ ನೆನಪಿಗೆ ಏನೂ ಕೊಡದೆ ನಿಮ್ಮನ್ನು ಬರಿಗೈಯಲ್ಲಿ ಕಳಿಸಿದ್ದು ನಮ್ಮ ತಪ್ಪು. ನಮ್ಮನೆಯವರಿಗೆ ಹೇಳಿದೆ. “ಅಕ್ಕಂಗೆ ಆ ತಾಮ್ರದ ಚೊಂಬಿನ ಮೇಲೆ ಮೊದ್ಲಿಂದ್ಲೂ ಕಣ್ಣು, ಕೊಟ್ಟ್ಬುಡು” ಎಂದರು. ಪಕ್ಕದ ಮನೆಯ ಮಹಾದೇವಯ್ಯನವರು ತುಮಕೂರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಕಳಿಸಿದ್ದೇನೆ. ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ.

ಭಾನುವಾರ, ಗುರುವಾರ ಜನ ಬರುತ್ತಾರೆ. ಮೊದಲನೆಯ ದಿನ ಅರ್ಧ ಸೊಪ್ಪು ಚೆಲ್ಲಿಬಿಟ್ಟೆ. ಒಬ್ಬ ಅಜ್ಜಿ, “ದೊಡ್ಡಗಂಗಮ್ಮನ ಕೈಗುಣ ಸೊಸೆಗೆ ಬಂದೈತಾ ನೋಡಾನ” ಎಂದು ಬಾಯಿ ತೆರೆದಳು. ಮುಂದಿನ ವಾರ ಆ ಅಜ್ಜಿಯೇ ಒಂದು ತೆಂಗಿನಕಾಯಿ, ಎಲೆ ಅಡಿಕೆ ತಂದಿಟ್ಟು ಹೋದಳು.

ಸೊಪ್ಪಿನ ವಿಷಯ ಇದಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ. ಅತ್ತೆಮ್ಮ ಆಣೆ ಹಾಕಿಸಿಕೊಂಡಿದ್ದಾರೆ.

ಹನುಮಂತಮ್ಮ


ಬಟವಾಡಿ
9-3-1978

ಹನುಮಂತಮ್ಮನಿಗೆ,

ಚೊಂಬು ತಲುಪಿತು. ಬರೆಯಬೇಕು ಬರೆಯಬೇಕು ಎಂದು ತಡವಾಯಿತು. ನೀನು ತಿಕ್ಕಿದ ಹೊಳಪು ಇನ್ನೂ ಹೋಗಿಲ್ಲ. ನಾನು ಕೇಳಿದ್ದು ಅದನ್ನಲ್ಲ ಎಂದು ನಿನಗೂ ಗೊತ್ತು, ಗಿರಿಯಪ್ಪನಿಗೂ ಗೊತ್ತು ಎಂದು ನನ್ನ ಅನುಮಾನ. ಇರಲಿ.

ಹೋದ ವಾರ ಏನಾಯಿತು ಕೇಳು. ಕ್ಲಿನಿಕ್ಕಿನಲ್ಲಿ ಚೀಟಿ ಕೊಟ್ಟು ಜನರನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದೆ. ಕ್ಯಾತ್ಸಂದ್ರದ ಒಬ್ಬ ಹೆಂಗಸು ಕಣ್ಣು ಹಳದಿಯಾದ ಮಗಳನ್ನು ಕರೆತಂದಿದ್ದಳು. ಪಕ್ಕದಲ್ಲಿದ್ದವಳು ಅವಳ ಕಿವಿಯಲ್ಲಿ ಹೇಳಿದಳು. ಕಿವಿಯಲ್ಲಿ ಎಂದರೆ ಇಡೀ ಬಟವಾಡಿಗೆ ಕೇಳುವ ಹಾಗೆ.

“ಇಲ್ಯಾಕಮ್ಮ ಕಾಯ್ತೀಯ? ಕುಣಿಗಲ್ ಹತ್ರ ಮಾವಿನಕಟ್ಟೆಪಾಳ್ಯದಲ್ಲಿ ಹನುಮಂತಮ್ಮ ಅಂತ ಅವ್ರೆ. ಮೂರು ಸಲ ಸೊಪ್ಪು ಕುಡಿಸಿದ್ರೆ ಕಣ್ಣು ಬೆಳ್ಳಗಾಯ್ತವೆ.”

ನನಗೆ ತಡೆಯಲಾಗಲಿಲ್ಲ. “ಅದು ನಮ್ಮವ್ವನ ಸೊಪ್ಪು” ಎಂದೆ.

“ನೀವೇನಾಗ್ಬೇಕು?”

“ಮಗಳು.”

“ಮತ್ತೆ ನೀವೇ ಕೊಡ್ರಮ್ಮ! ಅಷ್ಟು ದೂರ ಯಾಕೆ ಹೋಗ್ಬೇಕು?”

“ನಂಗೆ ಗೊತ್ತಿಲ್ಲ.”

ಆ ಹೆಂಗಸು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. “ಮಗಳು ಅಂತೀರಾ, ಗೊತ್ತಿಲ್ಲ ಅಂತೀರಾ!” ಬೆಂಚಿನವರೆಲ್ಲ ನಕ್ಕರು. ನಾನೂ ನಕ್ಕೆ. ಹಲ್ಲು ಮಾತ್ರ ನಕ್ಕವು.

ಇನ್ನೊಂದು ವಿಷಯ. ನನ್ನದಲ್ಲ, ಡಾಕ್ಟರಮ್ಮ ಹೇಳಿದ್ದು. ಹಳದಿ ಎಲ್ಲ ಒಂದೇ ಅಲ್ಲವಂತೆ. ಬಹಳ ಜನಕ್ಕೆ ಪಥ್ಯ ಮಾಡಿ ಮಲಗಿದರೆ ತಾನಾಗಿಯೇ ಇಳಿಯುತ್ತದೆ. ಕೆಲವರಿಗೆ ಪಿತ್ತ ಹರಿಯುವ ದಾರಿಯೇ ಕಟ್ಟಿಕೊಳ್ಳುತ್ತದೆ. ಅಂಥವರಿಗೆ ಮೈ ತುರಿಸುತ್ತದೆ, ಹೊರಕಡೆಗೆ ಹೋದರೆ ಬೂದಿ ಬಣ್ಣ ಇರುತ್ತದೆ. ಅವರನ್ನು ಸೊಪ್ಪು ಕುಡಿಸುತ್ತಾ ಕೂರಿಸಿಕೊಳ್ಳಬೇಡ, ಕೇಳಿ ನೋಡಿ ಇಲ್ಲಿಗೆ ಕಳಿಸು.

ಲಕ್ಷ್ಮೀದೇವಮ್ಮ


ಮಾವಿನಕಟ್ಟೆಪಾಳ್ಯ
2-4-1978

ಅತ್ತಿಗೆಯವರಿಗೆ ಹನುಮಂತಮ್ಮನ ನಮಸ್ಕಾರ.

ನಿಮ್ಮ ಡಾಕ್ಟರಮ್ಮ ಓದಿದವರು, ದೊಡ್ಡವರು. ಆದರೆ ಹೊತ್ತು ಹುಟ್ಟುವ ಮುಂಚೆ, ಬರಿಹೊಟ್ಟೆಯಲ್ಲಿ, ದೇವರನ್ನು ನೆನೆದು ನಿಂತವರನ್ನು ನಿನಗೆ ಹೊರಕಡೆ ಯಾವ ಬಣ್ಣ ಎಂದು ಹೇಗೆ ಕೇಳಲಿ? ಗಂಡಸರೂ ಬರುತ್ತಾರೆ. ಅತ್ತೆಮ್ಮ ಯಾರನ್ನೂ ಹಾಗೆ ಕೇಳಿದವರಲ್ಲ. ನಿಮ್ಮ ಕಾಗದ ಓದಿ ನಮ್ಮನೆಯವರು, “ಅಕ್ಕ ಗಿರಾಕಿ ಎಳೀತಾವ್ಳೆ ಕಣೇ” ಎಂದರು. ತಮಾಷೆಗೆ ಎಂದರು. ನಾನೂ ತಮಾಷೆ ಎಂದೇ ತೆಗೆದುಕೊಂಡಿದ್ದೇನೆ.

ಗುಟ್ಟು ಒಬ್ಬರ ಕೈಯಲ್ಲಿ ಮಾತ್ರ ನಿಲ್ಲುತ್ತದೆ. ಹೇಳಿದರೆ ಹೇಳಿದವರ ಕೈಯಿಂದ ಗುಣ ಹೋಗಿ ಕೇಳಿದವರ ಕೈಗೆ ಬರುತ್ತದೆ. ಆದ್ದರಿಂದ ನೀವು ಸುತ್ತಿ ಬಳಸಿ ಕೇಳಿದರೂ ನಾನು ಹೇಳುವ ಹಾಗಿಲ್ಲ.

ಬೆಂಚಿನವರು ನಕ್ಕರು ಎಂದು ಬರೆದಿದ್ದೀರಿ. ನನ್ನದೂ ಒಂದು ಕೇಳಿ. ಅತ್ತೆಮ್ಮ ಹಾಸಿಗೆ ಹಿಡಿದಾಗ ಹೊತ್ತು ಹೊತ್ತಿಗೆ ಎತ್ತಿ ಇಳಿಸಿದವಳು ನಾನು. ಸೊಪ್ಪಿಗೆ ಬಂದವರ ಹತ್ತಿರ ಅವರು ಹೇಳುತ್ತಿದ್ದುದು ಮಾತ್ರ ಒಂದೇ: “ನನ್ ಮಗ್ಳು ತುಮಕೂರಲ್ಲಿ ಡಾಕ್ಟ್ರ ಹತ್ರ ಅವ್ಳೆ. ಬಿಳೀ ಸೀರೆ ಉಟ್ಕೊಂಡು ಓಡಾಡ್ತಾಳೆ.” ನನ್ನ ಬಗ್ಗೆ ಒಂದು ದಿನವೂ ಯಾರಿಗೂ ಏನೂ ಹೇಳಲಿಲ್ಲ. ಪಕ್ಕದಲ್ಲೇ ನೀರಿನ ಲೋಟ ಹಿಡಿದು ನಿಂತಿರುತ್ತಿದ್ದೆ. ಸೊಪ್ಪು ನನಗೆ ಸಿಕ್ಕಿತು, ಮಾತು ನಿಮಗೆ ಸಿಕ್ಕಿತು. ಯಾರಿಗೆ ಹೆಚ್ಚು ಸಿಕ್ಕಿತೋ ನೀವೇ ಹೇಳಿ.

ಹನುಮಂತಮ್ಮ


ಬಟವಾಡಿ
20-8-1979

ಹನುಮಂತಮ್ಮ,

ನಿಮ್ಮೂರಿನ ಪೋಸ್ಟಿನವರೂ ಓದಲಿ ಎಂದೇ ಇದನ್ನು ಕಾರ್ಡಿನಲ್ಲಿ ಬರೆಯುತ್ತಿದ್ದೇನೆ.

ನಿನ್ನ ಭಾವನಿಗೆ ಕಾಮಾಲೆ. ಡಾಕ್ಟರಮ್ಮ ರಕ್ತ ನೋಡಿ, ಹೆದರುವಂಥದ್ದಲ್ಲ, ಮಲಗಲಿ ಎಂದರು. ನಾನೇ ಹೊತ್ತಿಗೆ ಸರಿಯಾಗಿ ಗ್ಲೂಕೋಸು ಕಲಸಿ ಕೊಡುತ್ತಿದ್ದೆ. ಬುಧವಾರ ಸಂಜೆ, “ಕ್ಯಾತ್ಸಂದ್ರದಲ್ಲಿ ಸ್ನೇಹಿತನ ಮನೇಲಿ ಭಜನೆ” ಎಂದು ಹೋದವರು ಗುರುವಾರ ಮಧ್ಯಾಹ್ನ ಬಂದರು. ತಟ್ಟೆ ಮುಂದೆ ಕೂತು ಅನ್ನಕ್ಕೆ ಮೊಸರು ಕಲಸಿಕೊಂಡರು. “ಉಪ್ಪು ಬೇಡ” ಎಂದರು. ಅಷ್ಟು ಸಾಕಾಯಿತು. ಅದು ನಮ್ಮವ್ವ ಹೇಳುತ್ತಿದ್ದ ಪಥ್ಯ.

ನನ್ನ ಗಂಡ ನಿನ್ನ ಹಿತ್ತಿಲಲ್ಲಿ ಬಾಯಿ ತೆರೆದು ನಿಂತಾಗ ನನಗೊಂದು ಸುದ್ದಿ ಕಳಿಸಬೇಕು ಎನ್ನಿಸಲಿಲ್ಲವೇ? ಕಾಮಾಲೆಯವರಿಗೆ ಚೀಟಿ ಕೊಡುವವಳು ನಾನು. ನನ್ನ ಗಂಡನೇ ನನ್ನನ್ನು ದಾಟಿಕೊಂಡು ನಿನ್ನ ಹತ್ತಿರ ಬಂದ ಎಂದು ಊರಿಗೆಲ್ಲ ಸಾರಿಕೊಂಡಿರುತ್ತೀಯ.

ಲಕ್ಷ್ಮೀದೇವಮ್ಮ


ಮಾವಿನಕಟ್ಟೆಪಾಳ್ಯ
30-8-1979

ಅತ್ತಿಗೆಯವರಿಗೆ,

ನಾನು ಸಾರಲಿಲ್ಲ. ನಿಮ್ಮ ಕಾರ್ಡೇ ಸಾರಿತು. ಪೋಸ್ಟಿನ ಚನ್ನವೀರಯ್ಯನವರು ಬಾಗಿಲಲ್ಲೇ ನಿಂತು ಪೂರ್ತಿ ಓದಿ ಹೇಳಿದರು. “ನಿಮ್ ಅತ್ತಿಗೆ ಬರವಣಿಗೆ ಚೆನ್ನಾಗೈತೆ ಕಣಮ್ಮ. ಅಷ್ಟು ಸಿಟ್ಟೂ ಒಂದೇ ಕಾರ್ಡಲ್ಲಿ ಹಿಡಿಸೈತೆ, ಒಂದಿಷ್ಟೂ ಚೆಲ್ಲಿಲ್ಲ” ಎಂದರು.

ನಿಮಗೆ ತಿಳಿಸಬೇಡ ಎಂದು ಭಾವನವರೇ ಕೈ ಮುಗಿದರು. “ಅವ್ಳ ಗ್ಲೂಕೋಸೂ ಕುಡೀತೀನಿ, ನಿನ್ನ ಸೊಪ್ಪೂ ಕುಡೀತೀನಿ ತಾಯಿ. ವಾಸಿ ಆದ್ರೆ ಇಬ್ಬರ ಹೆಸ್ರೂ ಹೇಳ್ತೀನಿ, ಆಗ್ಲಿಲ್ಲ ಅಂದ್ರೆ ಯಾರ ಹೆಸ್ರೂ ಹೇಳಲ್ಲ” ಎಂದರು. ಮನೆಗೆ ಬಂದವರನ್ನು ವಾಪಸ್ಸು ಕಳಿಸುವುದು ಅತ್ತೆಮ್ಮನ ಕಾಲದಲ್ಲೂ ಇರಲಿಲ್ಲ.

ಭಾವನವರ ಕಣ್ಣು ಬೆಳ್ಳಗಾಗಿದೆ ಎಂದು ಕೇಳಿದೆ. ಯಾರಿಂದ ಎಂದು ನೀವು ಡಾಕ್ಟರಮ್ಮನನ್ನು ಕೇಳಿಕೊಳ್ಳಿ. ಇಲ್ಲಿನ ಜನ ಯಾರನ್ನೂ ಕೇಳದೆ ಆಗಲೇ ಹೇಳಿಯಾಗಿದೆ.

ಹನುಮಂತಮ್ಮ


ಬಟವಾಡಿ
11-2-1982

ಹನುಮಂತಮ್ಮನಿಗೆ,

ಎಷ್ಟೋ ಕಾಲದ ಮೇಲೆ ಬರೆಯುತ್ತಿದ್ದೇನೆ. ನೀನೂ ಬರೆಯಲಿಲ್ಲ. ನಿನ್ನ ಮಗಳ ಮದುವೆಗೆ ಬಂದು ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಬಸ್ಸು ಹತ್ತಿದೆ. ಅದನ್ನು ನೀನು ನೋಡಿದ್ದೂ ನನಗೆ ಗೊತ್ತು.

ಈಗ ಬರೆಯುತ್ತಿರುವುದು ಅವ್ವನ ಹೆಸರಿಗಾಗಿ. ನಿನ್ನ ಭಾವನ ಫ್ಯಾಕ್ಟರಿಯವನೊಬ್ಬ ಕಾಮಾಲೆ ಎಂದು ನಿನ್ನಲ್ಲಿಗೆ ಬಂದಿದ್ದ. “ಆಯಮ್ಮ ಬಾಗ್ಲೇ ತೆಗೀಲಿಲ್ಲ. ಒಳಗಿಂದ್ಲೇ ಇಲ್ಲ ಹೋಗ್ರಿ ಅಂದ್ರು” ಎಂದ. ಎರಡು ಮೂರು ವಾರದಿಂದ ಯಾರಿಗೂ ಕೊಡುತ್ತಿಲ್ಲವಂತೆ. ಅವ್ವ ಜ್ವರದಲ್ಲೂ ಎದ್ದು ಅರೆಯುತ್ತಿದ್ದಳು. ಹೆಸರು ಬಂದ ಮೇಲೆ ನಿನಗೆ ಜನ ಹೊರೆಯಾದರೇ? ಅವ್ವ ನನಗೆ ಹೇಳಿದ್ದಿದ್ದರೆ ಆ ಬಾಗಿಲು ಹಾಕುತ್ತಿರಲಿಲ್ಲ.

ಲಕ್ಷ್ಮೀದೇವಮ್ಮ


ಮಾವಿನಕಟ್ಟೆಪಾಳ್ಯ
18-2-1982

ಅತ್ತಿಗೆಯವರಿಗೆ,

ಸೊಕ್ಕಿನಿಂದ ಬಾಗಿಲು ಹಾಕಲಿಲ್ಲ. ಕಣ್ಣಲ್ಲಿ ಹಳದಿ ಇಟ್ಟುಕೊಂಡು ಕಾಮಾಲೆ ಔಷಧಿ ಹೇಗೆ ಕೊಡಲಿ?

ಸಂಕ್ರಾಂತಿಯ ಹೊತ್ತಿಗೆ ಶುರುವಾಯಿತು. ಮೈಯೆಲ್ಲ ತುರಿಕೆ, ಕೆರೆದು ಕೆರೆದು ಗಾಯ. ಯಾರಿಗೂ ಹೇಳಿಲ್ಲ. ಊರವರಿಗೆ ಬೆನ್ನುನೋವು ಎಂದಿದ್ದೇವೆ. ಕೊಡುವ ಕೈಯಿಂದ ತಾನೇ ಕುಡಿದರೆ ಸೊಪ್ಪು ಹತ್ತುವುದಿಲ್ಲ ಎಂದು ಅತ್ತೆಮ್ಮ ಹೇಳಿದ್ದರು. ಆದರೂ ಕುಡಿದೆ. ಹತ್ತಲಿಲ್ಲ. ಇನ್ನೊಬ್ಬರಿಗೆ ಗುಟ್ಟು ಬಿಟ್ಟುಕೊಟ್ಟು ಅವರ ಕೈಯಿಂದ ಕುಡಿಯಬೇಕು.

ನನಗೆ ಸೊಸೆ ಇಲ್ಲ. ನಮ್ಮ ನರಸಿಂಹನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ. ಮಗಳಿಗೆ ಹೇಳುವ ಹಾಗಿಲ್ಲ. ನೀವೂ ಈ ಮನೆಯ ಮಗಳೇ. ಆದರೆ ಇದಕ್ಕಾಗಿ ಇಷ್ಟು ವರ್ಷ ಆಸೆಪಟ್ಟವರು ನೀವೊಬ್ಬರೇ. ಪದ್ಧತಿ ಮುರಿದ ಪಾಪ ನನ್ನ ತಲೆಯ ಮೇಲಿರಲಿ. ಬನ್ನಿ, ಹೇಳುತ್ತೇನೆ. ನೀವು ಕಿತ್ತು, ಅರೆದು, ನನಗೆ ಕುಡಿಸಿ. ಅಲ್ಲಿಂದ ಮುಂದೆ ಸೊಪ್ಪು ನಿಮ್ಮದು. ಭಾನುವಾರದ ಜನ ಬಟವಾಡಿಗೇ ಬರಲಿ.

ಇದನ್ನು ಬರೆಯುವಾಗ ಹೊಟ್ಟೆ ಉರಿಯಿತು. ಕಾಯಿಲೆಗೋ ಈ ಮಾತಿಗೋ ತಿಳಿಯಲಿಲ್ಲ.

ಹನುಮಂತಮ್ಮ


ಬಟವಾಡಿ
22-2-1982

ನಮ್ಮ ಹನುಮಂತಮ್ಮನಿಗೆ,

ನಿನ್ನ ಕಾಗದ ಮೊದಲ ಸಲ ಓದಿದಾಗ ನಿನ್ನ ಕಾಯಿಲೆ ನನ್ನ ಕಣ್ಣಿಗೆ ಬೀಳಲೇ ಇಲ್ಲ. “ಹೇಳುತ್ತೇನೆ” ಎಂಬುದೊಂದೇ ಬಿತ್ತು. ಟ್ರಂಕಿನಿಂದ ಸೀರೆ ತೆಗೆದು ಉಟ್ಟು, ಡಾಕ್ಟರಮ್ಮನಿಗೂ ಹೇಳದೆ ಬಸ್ ಸ್ಟ್ಯಾಂಡಿಗೆ ಹೋಗಿ ಕೂತೆ. ಕುಣಿಗಲ್ ಬಸ್ಸು ಬರುವುದು ತಡವಾಯಿತು. ಹೊತ್ತು ಹೋಗಲಿ ಎಂದು ಇನ್ನೊಂದು ಸಲ ಓದಿದೆ. ಆಗ ತುರಿಕೆ ಎಂಬುದು ಕಂಡಿತು. ಬಸ್ಸು ಬಂತು. ನಾನು ಹತ್ತಲಿಲ್ಲ.

ಕ್ಲಿನಿಕ್ಕಿಗೆ ವಾಪಸ್ಸು ಹೋಗಿ ಡಾಕ್ಟರಮ್ಮನಿಗೆ ಹೇಳಿದೆ. ಅವರು ಕೇಳಿದ್ದು ಇಷ್ಟು. ಹೊರಕಡೆ ಬೂದಿ ಬಣ್ಣಕ್ಕೆ ಹೋಗುತ್ತದೆಯೇ? ಬಲಗಡೆ ಪಕ್ಕೆಯ ಕೆಳಗೆ ನೋವು ಹಿಂಡಿ ಹಿಂಡಿ ಬಂದು ಹೋಗುತ್ತದೆಯೇ? ಮಧ್ಯೆ ಚಳಿ ಜ್ವರ ಬಂತೇ? ಹೌದಾದರೆ ಅದು ದಾರಿ ಕಟ್ಟಿಕೊಂಡಿರುವ ಹಳದಿ. ಅದನ್ನು ಬಿಡಿಸುವುದು ಸೊಪ್ಪಿನಿಂದಲೂ ಆಗದು, ನಮ್ಮ ಗ್ಲೂಕೋಸಿನಿಂದಲೂ ಆಗದು, ಆಪರೇಷನ್ನೇ ಬೇಕಾಗಬಹುದು, ತಡ ಮಾಡಿದರೆ ಜೀವಕ್ಕೇ ಕುತ್ತು ಎಂದರು.

ಗಿರಿಯಪ್ಪನನ್ನು ಕರೆದುಕೊಂಡು ಮೊದಲ ಬಸ್ಸಿಗೆ ಹೊರಡು. ಸೊಪ್ಪಿನ ಮಾತು ಆಮೇಲೆ.

ನಿನ್ನ ಅತ್ತಿಗೆ


ಮಾವಿನಕಟ್ಟೆಪಾಳ್ಯ
27-2-1982

ಅತ್ತಿಗೆಯವರಿಗೆ,

ಕೇಳುವ ತನಕ ಬೇಕಿತ್ತು, ಕೊಡುತ್ತೇನೆ ಎಂದಾಗ ಆಮೇಲೆ ಎನ್ನುತ್ತೀರಿ. ನಿಮಗೆ ಬೇಕಾಗಿರುವುದು ಏನು ಎಂದು ಈಗ ಗೊತ್ತಾಯಿತು. ಸೊಪ್ಪಿನ ಹನುಮಂತಮ್ಮನೇ ನಿಮ್ಮ ಬೆಂಚಿನ ಮೇಲೆ ನಂಬರ್ ಚೀಟಿ ಹಿಡಿದು ಕೂತಿರಬೇಕು, ಬಂದವರೆಲ್ಲ ನೋಡಬೇಕು. ಅಲ್ಲವೇ?

ಡಾಕ್ಟರಮ್ಮ ಕೇಳಿದ್ದೆಲ್ಲ ಹೌದು. ಜ್ವರವೂ ಬಂತು. ಆದರೂ ಹೀಗೇ ಬರುವುದಿಲ್ಲ. ಕುಯ್ಯುವಾಗ ನಾನು ಸತ್ತರೆ ಸೊಪ್ಪು ನನ್ನ ಜೊತೆ ಮಣ್ಣಿಗೆ ಹೋಗುತ್ತದೆ. ಅತ್ತೆಮ್ಮನಿಗೆ ಏನೆಂದು ಹೇಳಲಿ? ಮೊದಲು ನೀವು ಬಂದು ಕೇಳಿಸಿಕೊಳ್ಳಿ. ನಿಮ್ಮ ಕೈಯಿಂದ ನಾಲ್ಕು ವಾರ ಕುಡಿದು ನೋಡುತ್ತೇನೆ. ಆಮೇಲೂ ಇಳಿಯದಿದ್ದರೆ ನಿಮ್ಮ ಬಸ್ಸು ಹತ್ತುತ್ತೇನೆ.

ನಮ್ಮನೆಯವರು ನಿಮ್ಮ ಮಾತಿಗೂ ತಲೆ ಆಡಿಸುತ್ತಾರೆ, ನನ್ನ ಮಾತಿಗೂ ತಲೆ ಆಡಿಸುತ್ತಾರೆ.

ಹನುಮಂತಮ್ಮ


ಬಟವಾಡಿ
2-3-1982

ಹನುಮಂತಮ್ಮ,

ಇದನ್ನು ನಿನ್ನ ಭಾವನ ಕೈಯಲ್ಲೇ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಅವರ ಜೊತೆ ಹೊರಡು. ನಾನು ಬರುವುದಿಲ್ಲ. ನಾನು ಬಂದರೆ ನೀನು ಹೇಳಿಬಿಡುತ್ತೀಯ.

ನೀನು ಹೇಳಿದರೆ ನಾನು ಕೇಳಿಸಿಕೊಳ್ಳುತ್ತೇನೆ. ಕೇಳಿಸಿಕೊಂಡರೆ ಮಾರನೆಯ ಬೆಳಿಗ್ಗೆಯೇ ಕಿತ್ತು ಅರೆಯುತ್ತೇನೆ. ನನ್ನ ಕೈಯಿಂದ ಗುಣವಾದ ಮೊದಲನೆಯವಳು ಹನುಮಂತಮ್ಮನೇ ಆಗಬೇಕು ಎಂದು ಇನ್ನೊಂದು ವಾರ, ಮತ್ತೊಂದು ವಾರ ನಿನ್ನನ್ನು ಅಲ್ಲೇ ಇಟ್ಟುಕೊಂಡು ಕೂರುತ್ತೇನೆ. ಡಾಕ್ಟರಮ್ಮ ಹೇಳಿದ್ದು ಒಂದೂ ನೆನಪಿರುವುದಿಲ್ಲ. ನಿನ್ನ ಕಣ್ಣು ಇನ್ನಷ್ಟು ಹಳದಿಯಾದರೂ ಇಳಿದಿದೆ, ಇಳಿದಿದೆ ಎನ್ನುತ್ತೇನೆ. ಇಷ್ಟು ವರ್ಷ ಕಾದವಳು ನಾನು. ನನ್ನನ್ನು ನಂಬಬೇಡ.

ಸೊಪ್ಪಿನ ಆಸೆ ಹೋಗಿದೆ ಎಂದು ತಿಳಿಯಬೇಡ. ನಿನ್ನೆಯೂ ಇತ್ತು, ಈಗಲೂ ಇದೆ. ಆದರೆ ನೀನು ಸತ್ತು ಸೊಪ್ಪು ನನಗೆ ಉಳಿದರೆ ಪ್ರತಿ ಭಾನುವಾರ ಕಲ್ಲಿನ ಮೇಲೆ ನಿನ್ನ ಮುಖವನ್ನೇ ಅರೆದ ಹಾಗಾಗುತ್ತದೆ. ಸೊಪ್ಪು ಮಣ್ಣಿಗೆ ಹೋಗುವುದಾದರೆ ಹೋಗಲಿ. ಅವ್ವ ಕೇಳಿದರೆ ಲಕ್ಷ್ಮೀದೇವಿ ಬೇಡ ಎಂದಳು ಎಂದು ಹೇಳು.

ಬೆಂಚಿನ ಮೇಲೆ ನಿನ್ನನ್ನು ನೋಡಬೇಕೆಂಬ ಆಸೆಯೂ ಇದೆ, ನೀನು ಬರೆದದ್ದು ಸುಳ್ಳಲ್ಲ. ಆದರೂ ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗುತ್ತೇನೆ. ಯಾರೂ ನೋಡುವುದಿಲ್ಲ. ಇದಕ್ಕಿಂತ ಒಳ್ಳೆಯವಳಾಗಲು ನನ್ನಿಂದ ಆಗದು.

ಹೊರಡು.

ನಿನ್ನ ಅತ್ತಿಗೆ


ಮಾವಿನಕಟ್ಟೆಪಾಳ್ಯ
20-6-1982

ಅತ್ತಿಗೆಯವರ ಪಾದ ಮುಟ್ಟಿ ಹನುಮಂತಮ್ಮ ಬರೆಯುವುದು.

ಹೊಲಿಗೆ ಹಾಕಿದ ಜಾಗ ಒಣಗಿದೆ. ಕಣ್ಣು ಬೆಳ್ಳಗಾಗಿದೆ. ಮುದ್ದೆ ಉಣ್ಣುತ್ತಿದ್ದೇನೆ. ಆಸ್ಪತ್ರೆಯಲ್ಲಿ ಪಿತ್ತದ ದಾರಿಯಿಂದ ತೆಗೆದ ಕಲ್ಲನ್ನು ನಮ್ಮನೆಯವರು ಸೀಸೆಯಲ್ಲಿ ಹಾಕಿಕೊಂಡು ಬಂದು ಬಂದವರಿಗೆಲ್ಲ ತೋರಿಸುತ್ತಾರೆ. ಬೇಡ ಎಂದರೂ ಕೇಳುವುದಿಲ್ಲ.

ನೀವು ವಾರ್ಡಿನಲ್ಲಿ ನನ್ನ ಮಗ್ಗುಲಲ್ಲೇ ಚಾಪೆ ಹಾಕಿಕೊಂಡು ಬಿದ್ದಿದ್ದಿರಿ. ಅದನ್ನು ಮರೆಯುವುದಿಲ್ಲ. ಆದರೆ ಒಂದು ಕೇಳಬೇಕು. ಬಂದಾಗಿನಿಂದ ಅದೇ ಯೋಚನೆ. ಆಪರೇಷನ್ನಿಗೆ ಕರೆದುಕೊಂಡು ಹೋಗುವ ಮುಂಚೆ ನನಗೆ ಭಯವಾಗಿ ನಿಮ್ಮ ಸೆರಗು ಹಿಡಿದುಕೊಂಡೆ. ನೀವು ನರ್ಸಮ್ಮನ ತಟ್ಟೆಯಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡಿರಿ. ನರ್ಸಮ್ಮ, “ಇದೇನ್ರೀ, ಕುಯ್ಯೋದು ಅವ್ರಿಗೆ, ಹತ್ತಿ ನಿಮ್ಗಾ?” ಎಂದು ಬೈದರು. ನಾನು ಹೇಳಿಬಿಟ್ಟೆ. ಗಿಡದ ಹೆಸರು, ಎಲ್ಲಿ ಬೆಳೆಯುತ್ತದೆ, ಯಾವಾಗ ಕೀಳಬೇಕು, ಎಲ್ಲ.

ನಿಮಗೆ ಕೇಳಿಸಿತೇ? ನಿಜ ಬರೆಯಿರಿ. ಕೇಳಿಸಿದ್ದರೆ ನನ್ನ ಕೈಯಲ್ಲಿ ಈಗ ಏನೂ ಇಲ್ಲ. ಜನ ಮೊದಲಿನಂತೆ ಬರುವುದೂ ಇಲ್ಲ. “ತನ್ನ ಕಾಮಾಲೆಗೆ ತಾನೇ ಆಸ್ಪತ್ರೆಗೆ ಹೋದ್ಲು” ಎನ್ನುತ್ತಾರೆ. ನಿಮಗೆ ಒಳಗೊಳಗೇ ಖುಷಿಯಾಗಿರಬಹುದು.

ಹನುಮಂತಮ್ಮ


ಬಟವಾಡಿ
29-6-1982

ನಮ್ಮ ಹನುಮಂತಮ್ಮನಿಗೆ,

ಕೇಳಿಸಲಿಲ್ಲ. ತುಟಿ ಆಡುವುದು ಕಂಡಿತು. ತುಟಿ ನೋಡಿದರೇ ತಿಳಿದುಬಿಟ್ಟೀತು ಎಂದು ಗೋಡೆ ಕಡೆ ತಿರುಗಿಕೊಂಡೆ. ಅವರು ನಿನ್ನನ್ನು ತಳ್ಳಿಕೊಂಡು ಹೋದ ಮೇಲೂ ಹತ್ತಿ ತೆಗೆಯಲಿಲ್ಲ. ಗಿರಿಯಪ್ಪ ಬಂದು ಏನೋ ಕೂಗಿದ. ನೀನು ಹೋಗಿಬಿಟ್ಟೆ ಎಂದುಕೊಂಡು ನಾನು ಅತ್ತೆ. ಅವನು ಕೂಗಿದ್ದು ಕಾಫಿಗೆ.

ಅವ್ವನಾಣೆ, ಒಂದು ಅಕ್ಷರವೂ ನನ್ನ ಒಳಗೆ ಹೋಗಲಿಲ್ಲ. ನಿನ್ನ ಕೈ ನಿನ್ನದೇ.

ಜನ ಕಡಿಮೆಯಾದರು ಎಂದು ಓದಿ ಖುಷಿಯಾಯಿತು. ಬಹಳ ಹೊತ್ತು ಇರಲಿಲ್ಲ, ಆದರೆ ಆಯಿತು. ಬರುವವರನ್ನು ಇನ್ನು ಮೇಲಾದರೂ ಬಣ್ಣ ಕೇಳು. ನಾಚಿಕೆಯಾದರೆ ಬೇರೆ ಕಡೆ ತಿರುಗಿಕೊಂಡು ಕೇಳು.

ನಿನ್ನ ಅತ್ತಿಗೆ


ಮಾವಿನಕಟ್ಟೆಪಾಳ್ಯ
8-5-1984

ಅತ್ತಿಗೆಯವರಿಗೆ ಹನುಮಂತಮ್ಮನ ನಮಸ್ಕಾರ.

ಹೋದ ವಾರ ಕಳಿಸಿದ ಮುದುಕಪ್ಪನನ್ನು ಡಾಕ್ಟರಮ್ಮ ನೋಡಿದರಂತೆ, ಸಂತೋಷ. ಈಗ ಗಂಡಸರನ್ನೂ ಕೇಳುವುದು ರೂಢಿಯಾಗಿದೆ. ಕೇಳದೆ ಹೋದರೆ, “ನನ್ನ ಬಣ್ಣ ಕೇಳ್ಲೇ ಇಲ್ವಲ್ಲಮ್ಮ” ಎಂದು ಅವರೇ ನಿಲ್ಲಿಸಿ ಹೇಳುತ್ತಾರೆ.

ನರಸಿಂಹನಿಗೆ ಹೆಣ್ಣು ಗೊತ್ತಾಯಿತು. ಹೆಸರು ವನಜಮ್ಮ, ನಮ್ಮ ಗುಬ್ಬಿ ಕಡೆಯವಳೇ. ಆಷಾಢದ ಮುಂಚೆ ಮದುವೆ. ಮದುವೆಯಾದ ಮೇಲೆ ಅವಳಿಗೆ ಸೊಪ್ಪು ಹೇಳಬೇಕು. ಸೊಪ್ಪು ಅರೆಯುವ ಕಲ್ಲನ್ನು ಕುಟುಕಿಸಿ ಇಟ್ಟಿದ್ದೇನೆ. ಆದರೆ ಅದನ್ನು ನೋಡಿದಾಗಲೆಲ್ಲ ನಿಮ್ಮ ನೆನಪು. ಅಂದು ಭಯಕ್ಕೆ ಹೇಳಲು ಹೊರಟಿದ್ದೆ. ಈಗ ಭಯವಿಲ್ಲ, ಕಾಯಿಲೆಯಿಲ್ಲ. ಗಟ್ಟಿಯಾಗಿದ್ದುಕೊಂಡೇ ಕೇಳುತ್ತಿದ್ದೇನೆ. ನಿಮಗೆ ಬೇಕೆಂದರೆ ನಿಮಗೇ ಹೇಳುತ್ತೇನೆ. ಒಂದು ಮಾತು ಬರೆಯಿರಿ ಸಾಕು.

ಹನುಮಂತಮ್ಮ


ಬಟವಾಡಿ
21-5-1984

ನಮ್ಮ ಮನೆ ಬೆಳಗಿದ ಹನುಮಂತಮ್ಮನಿಗೆ ನಿನ್ನ ಅತ್ತಿಗೆ ಹರಸಿ ಬರೆಯುವುದು.

ಮತ್ತೆ ಗುಬ್ಬಿಯಿಂದಲೇ ತಂದೆಯಾ! ಆ ಊರಿನವರು ನಮ್ಮ ಸೊಪ್ಪಿನ ಮೇಲೇ ಕಣ್ಣಿಟ್ಟಿರಬೇಕು. ಮದುವೆಗೆ ನಾವಿಬ್ಬರೂ ಎರಡು ದಿನ ಮುಂಚೆ ಬರುತ್ತೇವೆ, ಈ ಸಲ ಊಟಕ್ಕೂ ಕೂರುತ್ತೇವೆ. ನಿನ್ನ ಭಾವ ಈಗಿನಿಂದಲೇ ಚಟ್ನಿ, ಚಟ್ನಿ ಎನ್ನುತ್ತಿದ್ದಾರೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ತಡವಾಯಿತು. ಬೇಕು ಎಂದು ಬರೆದು ಒಂದು ಕಾಗದ ಹರಿದೆ. ಬೇಡ ಎಂದು ಬರೆದು ಇನ್ನೊಂದು ಹರಿದೆ. ಮೂರನೆಯದು ಇದು. ಸೊಪ್ಪು ನನಗೆ ಅವ್ವನ ಬಾಯಿಂದ ಬೇಕಿತ್ತು ಹನುಮಂತಮ್ಮ. ಅವ್ವ ಹೇಳಲಿಲ್ಲ. ನೀನು ಎಷ್ಟು ಒಳ್ಳೆಯ ಮನಸ್ಸಿನಿಂದ ಹೇಳಿದರೂ ಅದು ನಿನ್ನ ಸೊಪ್ಪು, ಅವ್ವ ನನಗೆ ಹೇಳಿದ ಹಾಗೆ ಆಗುವುದಿಲ್ಲ. ವನಜಮ್ಮನಿಗೇ ಹೇಳು. ಬಣ್ಣ ಕೇಳುವುದನ್ನೂ ಸೊಪ್ಪಿನ ಜೊತೆಯೇ ಹೇಳಿಕೊಡು. ಅವಳು ಬಂದವರ ಮುಂದೆ ನಿಂತಾಗ ನನ್ನ ಸೊಸೆ ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳು. ಅದಕ್ಕೇನೂ ಆಣೆ ಇಲ್ಲವಲ್ಲ.

ನನಗೆ ಹೊಟ್ಟೆಕಿಚ್ಚು ಇಲ್ಲ ಎಂದು ಬರೆದರೆ ನೀನು ನಗುತ್ತೀಯ. ಆ ಹುಡುಗಿಯ ಮುಖವನ್ನೇ ಇನ್ನೂ ನೋಡಿಲ್ಲ, ಆಗಲೇ ಅವಳ ಮೇಲೆ ಶುರುವಾಗಿದೆ. ಅದಕ್ಕೇ ಒಂದು ಕೇಳಿಕೊಳ್ಳುತ್ತೇನೆ. ಅವಳಿಗೆ ಹೇಳುವ ದಿನ ಯಾವುದೆಂದು ನನಗೆ ಮುಂಚೆ ತಿಳಿಸಬೇಡ. ಹೇಳಿಯಾದ ಮೇಲೆ ಬರೆ. ಮುಂಚೆಯೇ ಗೊತ್ತಾದರೆ ಮೊದಲ ಬಸ್ಸಿಗೇ ಬಂದುಬಿಡುತ್ತೇನೆ. ಆ ದಿನ ಕಿವಿಗೆ ಹತ್ತಿ ಇಟ್ಟುಕೊಳ್ಳುವಷ್ಟು ಒಳ್ಳೆಯವಳಲ್ಲ ನಾನು.

ಲಕ್ಷ್ಮೀದೇವಮ್ಮ